ಸಾರ್ವಜನಿಕ ತತ್ತ್ವಚಿಂತನೆ: ಕುಮಟಾ, ಹೊನ್ನಾವರ, ಭಟ್ಕಳ ಸೀಮೆ

ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದ ಹೊರಗೆ, ಸಾಮಾನ್ಯ ಓದುಗರು ಮತ್ತು ಶ್ರೋತೃಗಳ ಎದುರು ನಡೆಯುವ ತಾತ್ತ್ವಿಕ ವಿಚಾರವೇ ಸಾರ್ವಜನಿಕ ತತ್ತ್ವಚಿಂತನೆ. ಉತ್ತರ ಕನ್ನಡದ ಕರಾವಳಿಯಲ್ಲಿ ಇದರ ಶ್ರೇಷ್ಠ ಮಾದರಿ ಗೌರೀಶ ಕಾಯ್ಕಿಣಿ (1912–2002). ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು ಎಂ. ಎನ್. ರಾಯ್ ಅವರ ಮಾನವತಾವಾದದಿಂದ ಪ್ರಭಾವಿತರಾದ ವಿಚಾರವಾದಿ. ಪ್ರಸಿದ್ಧ ತೀರ್ಥಕ್ಷೇತ್ರದಲ್ಲೇ ನೆಲೆಸಿ ದೇವರು, ನಾಸ್ತಿಕತೆ, ಮನೋವಿಜ್ಞಾನ, ಸಾಹಿತ್ಯಗಳನ್ನು ಕುರಿತು ಪತ್ರಿಕೆಗಳಿಗೆ ನಿರಂತರವಾಗಿ ಬರೆದರು. ಜೀವನೋಪಾಯಕ್ಕೆ ಶಾಲೆಯ ಸಂಬಳ, ಚಿಂತನೆಗೆ ಅಂಕಣ ಎಂಬ ಈ ಏರ್ಪಾಟು ಅವರ ಬರವಣಿಗೆಯನ್ನು ತೆಳುವಾಗಿಸಲಿಲ್ಲ; ಪಾಠ ಹೇಳಿದ ಅಭ್ಯಾಸವೇ ಅದಕ್ಕೆ ಸ್ಪಷ್ಟತೆ ತಂದಿತೆನ್ನಬಹುದು.

ಇನ್ನೊಂದು ದಾರಿ ತಾಳಮದ್ದಳೆ. ವೇಷ, ಕುಣಿತಗಳಿಲ್ಲದ ಈ ಯಕ್ಷಗಾನ ಪ್ರಕಾರದಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರವಾಗಿ ಮಾತನಾಡುವ ಅರ್ಥಧಾರಿಗಳು ಕುಳಿತಲ್ಲೇ ಆಶುವಾಗಿ ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ವಾಲಿ ರಾಮನನ್ನು ಕೇಳುವ ಸನ್ನಿವೇಶ ನ್ಯಾಯಮೀಮಾಂಸೆಯ ಗಂಭೀರ ಚರ್ಚೆಯಾಗಿ ಬೆಳೆಯುತ್ತದೆ. ವೇಷ ಕಟ್ಟಿ ಆಡುವ ಯಕ್ಷಗಾನದಲ್ಲೂ ಇಂಥ ಮಾತಿಗೆ ಸ್ಥಾನವಿದೆ. ಹೊನ್ನಾವರ ತಾಲ್ಲೂಕಿನ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಸ್ಥಾಪಿಸಿದರು. ಅವರ ಮಗ ಶಂಭು ಹೆಗಡೆಯವರ ಪಾತ್ರಗಳು ಮಾತಿನ ವೈಚಾರಿಕತೆಗೂ ಹೆಸರಾದವು. ಭಟ್ಕಳದವರೆಗೂ ಈ ಎರಡೂ ಪ್ರಕಾರಗಳಿಗೆ ಪ್ರೇಕ್ಷಕರಿದ್ದಾರೆ. ತಾಳಮದ್ದಳೆಯ ಅರ್ಥಗಾರಿಕೆಗೆ ಸಂಭಾವನೆ ಉಂಟು. ಆದರೂ ಹಲವು ಅರ್ಥಧಾರಿಗಳು ಅಧ್ಯಾಪನ, ಕೃಷಿ ಮೊದಲಾದ ಬೇರೆ ವೃತ್ತಿಯನ್ನೂ ಉಳಿಸಿಕೊಂಡಿರುತ್ತಾರೆ.