ಹಾಸ್ ವಾಣಿಜ್ಯ ವಿದ್ಯಾಲಯಕ್ಕೆ ವರ್ಗಾವಣೆಯ ಪ್ರವೇಶ

ಪದವಿ ವ್ಯಾಸಂಗದ ಮೊದಲ ಎರಡು ವರ್ಷಗಳನ್ನು ಅನ್ಯ ವಿದ್ಯಾಸಂಸ್ಥೆಯಲ್ಲಿ, ಬಹುಮಟ್ಟಿಗೆ ಕ್ಯಾಲಿಫೋರ್ನಿಯ ರಾಜ್ಯದ ಕಮ್ಯೂನಿಟಿ ಕಾಲೇಜೊಂದರಲ್ಲಿ, ಪೂರೈಸಿದ ವಿದ್ಯಾರ್ಥಿಯು ಬರ್ಕ್ಲಿ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಅಂಗಭೂತವಾದ ಹಾಸ್ ವಾಣಿಜ್ಯ ವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರುವ ಕ್ರಮ. ಒಂದು ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ಪದವಿಯನ್ನು ಅಲ್ಲಿಯೇ ಮುಗಿಸುವುದೇ ರೂಢಿಯಾಗಿರುವ ನಮ್ಮ ನಾಡಿನ ವಾಚಕರಿಗೆ ಇದು ಅಪವಾದದಂತೆ ತೋರಬಹುದಾದರೂ, ಕ್ಯಾಲಿಫೋರ್ನಿಯದಲ್ಲಿ ಇದು ಶಾಸನದ ಬೆಂಬಲವುಳ್ಳ ರಾಜಮಾರ್ಗವೇ ಆಗಿದೆ.

ವಿದ್ಯಾಲಯವು 1898ರಲ್ಲಿ ವಾಣಿಜ್ಯ ಕಾಲೇಜೆಂಬ ಹೆಸರಿನಿಂದ ಸ್ಥಾಪಿತವಾಯಿತು. ಬೆಳ್ಳಿಯ ಗಣಿಗಳಿಂದ ಸಂಪನ್ನನಾಗಿದ್ದ ಜೇಮ್ಸ್ ಫ್ಲಡ್ ಎಂಬಾತನ ಮಗಳು ಕೋರಾ ಜೇನ್ ಫ್ಲಡ್ ನೀಡಿದ ದತ್ತಿಯೇ ಇದರ ಮೂಲಧನ. ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ತಲೆಯೆತ್ತಿದ ಮೊತ್ತಮೊದಲ ವಾಣಿಜ್ಯ ವಿದ್ಯಾಲಯವಿದು. 1989ರಲ್ಲಿ ಲೀವೈ ಸ್ಟ್ರಾಸ್ ವಸ್ತ್ರೋದ್ಯಮದ ಮುಖ್ಯಸ್ಥರಾಗಿದ್ದ ವಾಲ್ಟರ್ ಹಾಸ್ ಅವರ ಸ್ಮರಣಾರ್ಥವಾಗಿ ಈಗಿನ ಹೆಸರು ಬಂದಿತು. ಬಹುಕಾಲ ಇಲ್ಲಿನ ಪದವಿ ಶಿಕ್ಷಣವು ಕಡೆಯ ಎರಡು ವರ್ಷಗಳಿಗೆ ಮಾತ್ರ ಸೀಮಿತವಾಗಿದ್ದು, ಬರ್ಕ್ಲಿಯ ವಿದ್ಯಾರ್ಥಿಗಳೂ ಎರಡನೆಯ ವರ್ಷದಲ್ಲಿ ಅರ್ಜಿ ಹಾಕಿ ಸ್ಪರ್ಧಿಸಿಯೇ ಒಳಬರಬೇಕಾಗಿತ್ತು. 2024ರಿಂದ ನಾಲ್ಕು ವರ್ಷಗಳ ಪಾಠಕ್ರಮವು ಜಾರಿಗೆ ಬಂದಿತಾದರೂ, ಹೊರಗಿನಿಂದ ಬರುವವರಿಗೆ ಮೂರನೆಯ ವರ್ಷದ ಬಾಗಿಲು ಹಿಂದಿನಂತೆಯೇ ತೆರೆದಿದೆ.

ಈ ಬಾಗಿಲಿನ ಹಿಂದೆ ಒಂದು ಸಾರ್ವಜನಿಕ ವಚನವಿದೆ. ಪ್ರೌಢಶಾಲೆಗಳು ಕಾಲೇಜು ಮಟ್ಟದ ತರಗತಿಗಳನ್ನು ನಡೆಸಲು 1907ರ ಶಾಸನವು ಅನುಮತಿ ನೀಡಿದ ತರುವಾಯ, 1910ರಲ್ಲಿ ಫ್ರೆಸ್ನೊ ನಗರದಲ್ಲಿ ರಾಜ್ಯದ ಮೊದಲ ಜೂನಿಯರ್ ಕಾಲೇಜು, ಅಂದರೆ ಈಗಿನ ಹೆಸರಿನಲ್ಲಿ ಕಮ್ಯೂನಿಟಿ ಕಾಲೇಜು, ಹುಟ್ಟಿತು. ಅರ್ಧ ಶತಮಾನದ ಮೇಲೆ, ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅವರ ನೇತೃತ್ವದಲ್ಲಿ ಸಿದ್ಧವಾದ 1960ರ ಉನ್ನತ ಶಿಕ್ಷಣದ ಮಹಾಯೋಜನೆಯು ಪ್ರೌಢಶಾಲೆಯಿಂದ ತೇರ್ಗಡೆಯಾದವರಲ್ಲಿ ಅಗ್ರಗಣ್ಯರಾದ ಎಂಟರಲ್ಲೊಂದು ಪಾಲನ್ನು ವಿಶ್ವವಿದ್ಯಾನಿಲಯಕ್ಕೂ, ಮೇಲಿನ ಮೂರರಲ್ಲೊಂದು ಪಾಲನ್ನು ರಾಜ್ಯ ಕಾಲೇಜುಗಳಿಗೂ ಅರ್ಹರೆಂದು ಗೊತ್ತುಮಾಡಿ, ಜೂನಿಯರ್ ಕಾಲೇಜುಗಳನ್ನು ಸಮಸ್ತರಿಗೂ ತೆರೆದಿಟ್ಟಿತು; ಅಲ್ಲಿ ಪರಿಶ್ರಮದಿಂದ ಓದಿದವನಿಗೆ ಮೂರನೆಯ ವರ್ಷದಲ್ಲಿ ವಿಶ್ವವಿದ್ಯಾನಿಲಯದ ಸ್ಥಾನವು ದೊರೆಯತಕ್ಕದ್ದೆಂಬುದೇ ಆ ಯೋಜನೆಯ ನ್ಯಾಯ. ಹದಿನೆಂಟನೆಯ ವಯಸ್ಸಿನಲ್ಲಿ ಬಡತನದಿಂದಲೋ, ಮನೆಯ ಹೊಣೆಯಿಂದಲೋ, ಕೇವಲ ಅಪಕ್ವತೆಯಿಂದಲೋ ಹಿಂದುಳಿದ ವ್ಯಕ್ತಿಗೆ ಎರಡನೆಯ ಅವಕಾಶವನ್ನು ಕಲ್ಪಿಸಿದ ಈ ವ್ಯವಸ್ಥೆ ಆ ರಾಜ್ಯದ ಶ್ರೇಷ್ಠ ಸಾಧನೆಗಳಲ್ಲೊಂದೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ.

ಆದರೆ ಹಾಸ್ ವಿದ್ಯಾಲಯದ ವಿಷಯದಲ್ಲಿ ಈ ವಚನವು ಅತ್ಯಂತ ಇಕ್ಕಟ್ಟಾದ ದಾರಿಯ ಮೂಲಕ ಮಾತ್ರ ನೆರವೇರುತ್ತದೆ. ವರ್ಗಾವಣೆ ಕೋರಿ ಬರುವವರಲ್ಲಿ ಹತ್ತರಲ್ಲೊಬ್ಬರಿಗೂ ಸ್ಥಾನ ಸಿಕ್ಕುವುದಿಲ್ಲ. ವಿಶ್ವವಿದ್ಯಾನಿಲಯವು ರಾಜ್ಯದ ನಿವಾಸಿಗಳಿಗೆ 2.4, ಇತರರಿಗೆ 2.8 ಅಂಕಸರಾಸರಿಯನ್ನು ಕನಿಷ್ಠ ಅರ್ಹತೆಯಾಗಿ ವಿಧಿಸಿದೆಯಾದರೂ, ಇಲ್ಲಿ ಆಯ್ಕೆಯಾಗುವವರ ಸರಾಸರಿ ಸಾಮಾನ್ಯವಾಗಿ ಪೂರ್ಣಾಂಕವಾದ 4.0ಕ್ಕೆ ಅತಿ ಸಮೀಪದಲ್ಲಿರುತ್ತದೆ. ಅಭ್ಯರ್ಥಿಯು ವರ್ಗಾವಣೆಗೆ ಮುನ್ನ 60 ಸೆಮಿಸ್ಟರ್ ಯೂನಿಟ್‌ಗಳನ್ನು, ಅಥವಾ ಅದಕ್ಕೆ ಸಮನಾದ 90 ಕ್ವಾರ್ಟರ್ ಯೂನಿಟ್‌ಗಳನ್ನು, ಪೂರೈಸಿರಬೇಕು. ಅದರೊಳಗೆ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ, ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ವಾಣಿಜ್ಯದ ಮೂಲತತ್ತ್ವಗಳು, ಇಂಗ್ಲಿಷ್ ವಾಚನ ಹಾಗೂ ಪ್ರಬಂಧ ರಚನೆ ಎಂಬ ವಿಷಯಗಳು ಅವಶ್ಯಕವಾಗಿ ಸೇರಿರಬೇಕು.

ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಯಾವ ಕಾಲೇಜಿನ ಯಾವ ಪಾಠವು ಬರ್ಕ್ಲಿಯ ಯಾವ ಪಾಠಕ್ಕೆ ಸಮಾನವೆಂಬುದನ್ನು ಅಸಿಸ್ಟ್ ಎಂಬ ರಾಜ್ಯದ ಅಧಿಕೃತ ಕೋಷ್ಟಕವು ನಿರ್ಣಯಿಸುತ್ತದೆ. ಅದರ ಎಡಭಾಗದಲ್ಲಿ ಬರ್ಕ್ಲಿಯ ಪಾಠದ ಹೆಸರು, ಬಲಭಾಗದಲ್ಲಿ ಕಮ್ಯೂನಿಟಿ ಕಾಲೇಜಿನ ಪಾಠದ ಹೆಸರು. ಎರಡು ಪಾಠಗಳ ನಡುವೆ ‘ಮತ್ತು’ ಎಂದಿದ್ದರೆ ಎರಡನ್ನೂ ಓದತಕ್ಕದ್ದು, ‘ಅಥವಾ’ ಎಂದಿದ್ದರೆ ಒಂದು ಸಾಕು. ಸಮಾನವಾದ ಪಾಠವೇ ಇಲ್ಲದ ಕಡೆ ಹಾಗೆಂದೇ ಬರೆದಿರುತ್ತದೆ. ಕೂಪರ್ಟಿನೊ ನಗರದ ಡಿ ಆಂಜಾ ಕಾಲೇಜಿನಂತೆ ಸೆಮಿಸ್ಟರಿಗಿಂತ ಕಿರಿದಾದ ಅವಧಿಗಳ ಕ್ವಾರ್ಟರ್ ಪದ್ಧತಿಯುಳ್ಳ ಕಡೆ ಕಲನಶಾಸ್ತ್ರದ ಒಂದೆರಡು ಭಾಗಗಳನ್ನು ಓದಿ, ಉಳಿದುದನ್ನು ಸೆಮಿಸ್ಟರ್ ಪದ್ಧತಿಯ ನೆರೆಯ ಕಾಲೇಜಿನಲ್ಲಿ ಮುಗಿಸುವೆನೆಂದು ಹೊರಟವನಿಗೆ ಭಾಗಗಳ ಗಡಿಗಳು ಹೊಂದದೆ, ಓದಿದ್ದನ್ನೇ ಮತ್ತೆ ಓದುವ ಪ್ರಸಂಗ ಬರಬಹುದು. ಅರ್ಜಿ ಸಲ್ಲಿಸುವ ನವೆಂಬರ್ ತಿಂಗಳಿನಲ್ಲಿ ಎಚ್ಚೆತ್ತು ಈ ಕೊರತೆಯನ್ನು ತುಂಬಲು ಸಾಧ್ಯವಿಲ್ಲ. ಪ್ರವೇಶದ ಭವಿತವ್ಯವು ಅರ್ಜಿಗಿಂತ ಒಂದೂವರೆ ವರ್ಷ ಮೊದಲೇ, ವಿದ್ಯಾರ್ಥಿಯು ಪಾಠಗಳನ್ನು ಆಯ್ದುಕೊಳ್ಳುವ ದಿನದಂದೇ, ಬಹುಪಾಲು ನಿಶ್ಚಿತವಾಗಿರುತ್ತದೆ.

ಅರ್ಜಿಯ ಕಾಲಕ್ರಮ ಸರಳವಾದುದು. ನವೆಂಬರ್ ಅಂತ್ಯದ ವೇಳೆಗೆ ಅರ್ಜಿಯನ್ನೂ, ಜನವರಿಯಲ್ಲಿ ಆಗಷ್ಟೇ ಮುಗಿದ ಅವಧಿಯ ಅಂಕಗಳ ವಿವರವನ್ನೂ ಸಲ್ಲಿಸಬೇಕು. ಏಪ್ರಿಲ್ ಕೊನೆಯ ಹೊತ್ತಿಗೆ ಫಲಿತಾಂಶ ತಿಳಿಯುತ್ತದೆ.

ಅಂಕಗಳಲ್ಲಿ ಹೆಚ್ಚುಕಡಮೆ ಸಮಾನರಾದವರ ನಡುವೆ ತಾರತಮ್ಯವನ್ನು ನಿರ್ಧರಿಸಲು ಬರವಣಿಗೆಯು ನೆರವಾಗುತ್ತದೆ. ಅಭ್ಯರ್ಥಿಯು ನಾಲ್ಕು ಪ್ರಶ್ನೆಗಳಿಗೆ ತಲಾ 350 ಪದಗಳನ್ನು ಮೀರದಂತೆ ಉತ್ತರಿಸಬೇಕಾಗಿದ್ದು, ಅವುಗಳಲ್ಲಿ ಒಂದು, ಆಯ್ದ ವಿಷಯಕ್ಕೆ ತಾನು ಹೇಗೆ ಸಿದ್ಧನಾಗಿದ್ದೇನೆಂಬುದು, ಎಲ್ಲರಿಗೂ ಕಡ್ಡಾಯ. ಸ್ಥಾಪಿತ ಕ್ರಮವನ್ನು ಪ್ರಶ್ನಿಸುವ ಧೈರ್ಯ, ಅಹಂಕಾರವಿಲ್ಲದ ಆತ್ಮವಿಶ್ವಾಸ, ನಿತ್ಯ ವಿದ್ಯಾರ್ಥಿತ್ವ, ಸ್ವಾರ್ಥಾತೀತ ದೃಷ್ಟಿ ಎಂಬ ನಾಲ್ಕು ತತ್ತ್ವಗಳನ್ನು ವಿದ್ಯಾಲಯವು 2010ರಲ್ಲಿ ಅಂಗೀಕರಿಸಿತು. ಇವನ್ನೇ ಉರುಹೊಡೆದು ಉತ್ತರದಲ್ಲಿ ಒಪ್ಪಿಸುವ ಅಭ್ಯರ್ಥಿಗಳಿರುವುದುಂಟು. ತಂದೆಯ ಅಂಗಡಿಯ ಲೆಕ್ಕಪುಸ್ತಕವನ್ನು ಸರಿಪಡಿಸಿದ ಅಥವಾ ಸಹಪಾಠಿಗಳಿಗೆ ಸಂಖ್ಯಾಶಾಸ್ತ್ರವನ್ನು ಹೇಳಿಕೊಟ್ಟ ಅನುಭವವನ್ನು ಇದ್ದದ್ದಿದ್ದಂತೆ ಬರೆಯುವುದೇ ಅದಕ್ಕಿಂತ ಯೋಗ್ಯವಾದ ಮಾರ್ಗ.

ಇನ್ನೊಂದು ನಿಯಮವನ್ನು ಅರಿಯದೆ ನಿರಾಶರಾದವರಿದ್ದಾರೆ. ಬರ್ಕ್ಲಿಯ ಬೇರೊಂದು ವಿಭಾಗಕ್ಕೆ ಮೂರನೆಯ ವರ್ಷದಲ್ಲಿ ವರ್ಗಾವಣೆಯಾಗಿ ಬಂದವನು ಅಲ್ಲಿಂದ ಹಾಸ್ ವಿದ್ಯಾಲಯಕ್ಕೆ ಅರ್ಜಿ ಹಾಕುವಂತಿಲ್ಲ.

ಸಾಂತಾ ಕ್ಲಾರಾ ಕಣಿವೆಯಲ್ಲಿಯೂ ಫ್ರೀಮಾಂಟ್ ಪ್ರಾಂತದಲ್ಲಿಯೂ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಡಿ ಆಂಜಾ, ಓಲೋನಿ ಮೊದಲಾದ ಕಾಲೇಜುಗಳು ಮನೆಯ ಸಮೀಪದಲ್ಲಿಯೇ ಇವೆ. ಕರ್ನಾಟಕದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೂ ಇಂಥ ಕಾಲೇಜುಗಳಲ್ಲಿ ಪ್ರವೇಶವುಂಟು. ಕಮ್ಯೂನಿಟಿ ಕಾಲೇಜಿನ ದಾರಿ ಹಿಡಿಯುವುದು ಮಕ್ಕಳ ಸೋಲಿನ ಕುರುಹೆಂಬ ಭಾವನೆ ಹಿರಿಯರಲ್ಲಿ ಇದ್ದರೆ ಅದನ್ನು ತ್ಯಜಿಸುವುದು ಉಚಿತ. ಹಾಗೆಯೇ ಹಾಸ್ ಒಂದನ್ನೇ ನೆಚ್ಚಿ ಕುಳಿತುಕೊಳ್ಳುವುದೂ ವಿವೇಕವಲ್ಲ. ಬರ್ಕ್ಲಿಯು ವರ್ಗಾವಣೆಗೆ ಮುಂಗಡ ಭರವಸೆಯನ್ನು ಯಾರಿಗೂ ನೀಡುವುದಿಲ್ಲ. ಅದೇ ವಿಶ್ವವಿದ್ಯಾನಿಲಯದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಶಾಖೆಗಳು ಆಯ್ದ ಕೆಲವು ವಿಷಯಗಳಲ್ಲಿ ನೀಡುತ್ತವೆ. ಅದಕ್ಕೆ ಪ್ರತ್ಯೇಕ ಅರ್ಜಿಯನ್ನು ಸೆಪ್ಟೆಂಬರ್ ತಿಂಗಳಿನಲ್ಲಿಯೇ ಸಲ್ಲಿಸತಕ್ಕದ್ದು.