ಊರವರೇ ಒಡೆಯರಾದ ವಿದ್ಯುತ್ ಸಹಕಾರ ಸಂಘಗಳು

ಜನರೇ ಹಣ ಹಾಕಿ, ಜನರೇ ನಡೆಸುವ ಪವನ ವಿದ್ಯುತ್ ಸಂಘಗಳು ಮೊದಲು ಬೇರೂರಿದ್ದು ಡೆನ್ಮಾರ್ಕಿನಲ್ಲಿ. 1973ರ ತೈಲ ಬಿಕ್ಕಟ್ಟು ಆಮದು ತೈಲವನ್ನೇ ನೆಚ್ಚಿದ್ದ ಆ ದೇಶವನ್ನು ಕಂಗೆಡಿಸಿತು. ಅಣುಸ್ಥಾವರ ಬೇಡವೆಂಬ ಚಳವಳಿಯೂ ಬಲವಾಗಿತ್ತು. ಹಳ್ಳಿಯ ಬಡಗಿಗಳು, ಕಮ್ಮಾರರು ಸಣ್ಣ ಗಾಳಿಯಂತ್ರ ಕಟ್ಟತೊಡಗಿದರು. ಒಬ್ಬರ ಕೈಗೆಟುಕದ ಯಂತ್ರವನ್ನು ನೆರೆಹೊರೆಯವರು ಕೂಡಿ ಕೊಂಡರು. 1979ರಲ್ಲಿ ಸರ್ಕಾರ ವೆಚ್ಚದ ಶೇ. 30ರಷ್ಟು ಸಹಾಯಧನ ಘೋಷಿಸಿತು.

ಈ ಸಂಘಗಳ ಜಾಣತನವಿದ್ದದ್ದು ನಿಯಮಗಳಲ್ಲಿ. ಒಂದು ಷೇರು ಎಂದರೆ ವರ್ಷಕ್ಕೆ ಸುಮಾರು 1,000 ಯೂನಿಟ್ ಉತ್ಪಾದನೆಯ ಪಾಲು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಯಂತ್ರದ ಆಸುಪಾಸಿನಲ್ಲಿ ವಾಸಿಸುವವರಿಗಷ್ಟೇ ಸದಸ್ಯತ್ವವಿತ್ತು. ಷೇರುಗಳಿಗೂ ಮನೆಯ ಬಳಕೆಗೆ ತಕ್ಕ ಮಿತಿಯಿತ್ತು. ಕಾನೂನಿನ ಪ್ರಕಾರ ಹೆಚ್ಚಿನವು ಪಾಲುದಾರಿಕೆ ಸಂಸ್ಥೆಗಳು, ಅಂದರೆ ಸಾಲ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಗೂ ಕುತ್ತು. ಹಾಗಾಗಿ ಸಂಘದ ಹೆಸರಿನಲ್ಲಿ ಸಾಲವನ್ನೇ ಎತ್ತಬಾರದೆಂದು ಬೈಲಾದಲ್ಲಿ ಬರೆದುಕೊಂಡರು. ಬೇಕಿದ್ದವರು ಸ್ವಂತಕ್ಕೆ ಬ್ಯಾಂಕ್ ಸಾಲ ಮಾಡಿ ಷೇರು ಕೊಂಡರು.

ಕೋಪನ್‌ಹೇಗನ್ ಬಂದರಿನಾಚೆ ಕಡಲಿನಲ್ಲಿರುವ ಮಿಡೆಲ್‌ಗ್ರುಂಡೆನ್ ಪವನ ಸ್ಥಾವರ ಈ ಮಾದರಿಯ ಶಿಖರ. ಮೂರು ಸಾಲುಗಳಲ್ಲಿ 27 ಯಂತ್ರ ನಿಲ್ಲಿಸುವ ಮೊದಲ ಯೋಜನೆಗೆ ನಗರದ ನೋಟ ಕೆಡುತ್ತದೆಂಬ ಆಕ್ಷೇಪ ಬಂತು. ಸಾರ್ವಜನಿಕ ಅಹವಾಲು ಕೇಳಿದ ಮೇಲೆ ಅದು ಕಮಾನಿನಂತೆ ಬಾಗಿದ ಒಂದೇ ಸಾಲಿನ 20 ಯಂತ್ರಗಳಾಯಿತು. 2000ದಲ್ಲಿ ಪೂರ್ಣಗೊಂಡ ಈ 40 ಮೆಗಾವಾಟ್ ಸ್ಥಾವರದಲ್ಲಿ ಅರ್ಧ ನಗರದ ವಿದ್ಯುತ್ ಸಂಸ್ಥೆಯದು, ಇನ್ನರ್ಧ 8,500ಕ್ಕೂ ಹೆಚ್ಚು ಸದಸ್ಯರ ಸಂಘದ್ದು.

ಆದರೆ ಅಷ್ಟರಲ್ಲಿ ಗಾಳಿ ತಿರುಗಿತ್ತು. ನಿಶ್ಚಿತ ಖರೀದಿ ದರವೇ ಸಂಘಗಳ ಜೀವಾಳ. 1999ರ ವಿದ್ಯುತ್ ಸುಧಾರಣೆ ಅದನ್ನು ಮಾರುಕಟ್ಟೆಯ ಕೈಗೆ ಕೊಟ್ಟಿತು. ಯಂತ್ರಗಳೂ ದೊಡ್ಡದಾಗಿ, ಬಂಡವಾಳವೂ ಬೆಳೆದು, ಕಂಪನಿಗಳು ಮುಂದಾದವು. ಆದರ್ಶ ಬತ್ತಿ ಸಂಘಗಳು ಸೊರಗಿದವು ಎನ್ನುವುದಕ್ಕಿಂತ ದರ ಬದಲಾಗಿ ಸೊರಗಿದವು ಎನ್ನುವುದೇ ಸರಿ. 2009ರ ಕಾನೂನು ಹೊಸ ಯೋಜನೆಗಳ ಶೇ. 20ರಷ್ಟು ಪಾಲನ್ನು ಸ್ಥಳೀಯರ ಮುಂದಿಡಲೇಬೇಕೆಂದಿತು. ಆದರೆ ಪಾಲು ಸಿಕ್ಕ ಮಾತ್ರಕ್ಕೆ ಯಜಮಾನಿಕೆ ಸಿಗುವುದಿಲ್ಲ.

ಜರ್ಮನಿಯಲ್ಲಿ ದಾರಿ ಬೇರೆ. ಚೆರ್ನೋಬಿಲ್ ದುರಂತದ ನಂತರ ಸಂಘಟಿತರಾದ ಶ್ಯೋನಾವ್ ಎಂಬ ಪುಟ್ಟ ಊರಿನವರು ಜನಮತಗಣನೆ ಗೆದ್ದು, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ಕೊಂಡರು. 2009ರಲ್ಲಿ ಅವರ ವಿದ್ಯುತ್ ಸಂಸ್ಥೆ ಸಹಕಾರ ಸಂಘವಾಯಿತು. 2000ದ ನಿಶ್ಚಿತ ದರದ ಕಾನೂನು, ಕನಿಷ್ಠ ಸದಸ್ಯರ ಸಂಖ್ಯೆಯನ್ನು 7ರಿಂದ 3ಕ್ಕಿಳಿಸಿದ 2006ರ ಸಹಕಾರ ಕಾಯ್ದೆ, ಇವೆರಡೂ ಸೇರಿ ಸಂಘಗಳು ನೂರಾರಾದವು. 2017ರಲ್ಲಿ ನಿಶ್ಚಿತ ದರದ ಬದಲು ಹರಾಜು ಪದ್ಧತಿ ಬಂದಾಗ ನಾಗರಿಕ ಸಂಸ್ಥೆಗಳಿಗೆ ರಿಯಾಯಿತಿ ಇಡಲಾಯಿತು. ಬಹುಪಾಲು ಹರಾಜು ಗೆದ್ದದ್ದೇನೋ ನಾಗರಿಕ ಸಂಸ್ಥೆಗಳೇ, ಆದರೆ ಹಲವುಗಳ ಬೆನ್ನಿಗೆ ದೊಡ್ಡ ಗುತ್ತಿಗೆ ಕಂಪನಿಗಳಿದ್ದವು. ಮರುವರ್ಷವೇ ಮುಖ್ಯ ರಿಯಾಯಿತಿಗಳು ನಿಂತವು. ಸ್ಥಳೀಯರ ನೈಜ ಹತೋಟಿ ಇರಬೇಕೆಂಬ ಷರತ್ತು 2018ರ ಐರೋಪ್ಯ ಒಕ್ಕೂಟದ ನಿರ್ದೇಶನದಲ್ಲಿ ಸೇರಿತು.

ಭಾರತದಲ್ಲಿ ವಿದ್ಯುತ್ ಸಹಕಾರ ಹಳೆಯದೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸಂಘ ನೋಂದಣಿಯಾದದ್ದು 1969ರಲ್ಲಿ. ಆದರೆ ಅದರ ಕೆಲಸ ವಿತರಣೆ. ರೈತರೇ ಉತ್ಪಾದಕರಾದದ್ದು 2016ರಲ್ಲಿ, ಗುಜರಾತಿನ ಧುಂಡಿಯಲ್ಲಿ. ಅಲ್ಲಿ ಆರು ರೈತರು ಸೌರ ಪಂಪುಗಳ ಸಂಘ ಕಟ್ಟಿ, ಮಿಕ್ಕ ವಿದ್ಯುತ್ತನ್ನು ಯೂನಿಟ್‌ಗೆ 4.63 ರೂಪಾಯಿಯಂತೆ ವಿತರಣಾ ಕಂಪನಿಗೆ ಮಾರಲು 25 ವರ್ಷದ ಒಪ್ಪಂದ ಮಾಡಿಕೊಂಡರು. ಪ್ರತಿಯಾಗಿ ಸಬ್ಸಿಡಿ ವಿದ್ಯುತ್ ಸಂಪರ್ಕದ ಹಕ್ಕು ಬಿಟ್ಟುಕೊಟ್ಟರು. ಬಿಸಿಲು ಮಾರಿದರೆ ದುಡ್ಡು ಬರುವುದರಿಂದ ಸುಮ್ಮನೆ ನೀರೆತ್ತುವ ಆಸೆಗೂ ಕಡಿವಾಣ ಬೀಳುತ್ತದೆಂಬುದು ಇದರ ಲೆಕ್ಕಾಚಾರ. 2018ರಲ್ಲಿ ಗುಜರಾತ್ ಸರ್ಕಾರ ಸೂರ್ಯಶಕ್ತಿ ಕಿಸಾನ್ ಯೋಜನೆಯಲ್ಲಿ ಇದನ್ನು ಫೀಡರ್ (ಹಲವು ಪಂಪುಗಳಿಗೆ ವಿದ್ಯುತ್ ಒಯ್ಯುವ ಮಾರ್ಗ) ಮಟ್ಟಕ್ಕೆ ಒಯ್ದಿತು.