ಅರ್ಬುದಕೋಶಗಳ ಸಂಚಾರವೂ ಕಿಣ್ವಪ್ರತಿಬಂಧಕಗಳ ಇತಿಹಾಸವೂ

ಅರ್ಬುದವೆಂಬ ವ್ಯಾಧಿಯು ನಮ್ಮ ಪ್ರಾಚೀನ ವೈದ್ಯರಿಗೆ ಅಪರಿಚಿತವಾದುದಲ್ಲ. ಮೊದಲೊಂದು ಅರ್ಬುದವಿದ್ದೆಡೆಯಲ್ಲಿ ಮತ್ತೊಂದು ಹುಟ್ಟಿದರೆ ಅದನ್ನು ಅಧ್ಯರ್ಬುದವೆಂದು ಸುಶ್ರುತಸಂಹಿತೆಯು ಕರೆದಿದೆ. ಆದರೆ ಅರ್ಬುದದ ಜೀವಕೋಶಗಳು ಹುಟ್ಟಿದೆಡೆಯನ್ನು ಬಿಟ್ಟು ದೂರದ ಅವಯವಗಳಿಗೆ ದಾರಿಮಾಡಿಕೊಳ್ಳುವ ಬಗೆಯನ್ನು ತಿಳಿಸಿದವರು ಆಧುನಿಕರು. ಈ ಎರಡನ್ನೂ ಒಂದೇ ಎಂದು ಸಾಧಿಸಹೊರಡುವುದು ಯುಕ್ತವಲ್ಲ. ಆ ದಾರಿಯನ್ನು ತಡೆಯಹೊರಟವರ ವೃತ್ತಾಂತವನ್ನು ನಿರೂಪಿಸುವುದಷ್ಟೆ ಈ ಲೇಖನದ ಉದ್ದೇಶ.

1962ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೆರೋಮ್ ಗ್ರಾಸ್, ಚಾರ್ಲ್ಸ್ ಲಾಪಿಯೇರ್ ಎಂಬ ಇಬ್ಬರು ವಿದ್ವಾಂಸರು, ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲವು ಕರಗಿಹೋಗುವುದೇಕೆಂದು ವಿಚಾರಿಸಿ, ಕೊಲ್ಯಾಜೆನ್ ಎಂಬ ಗಟ್ಟಿಯಾದ ನಾರನ್ನು ಸೀಳುವ ಕಿಣ್ವವೊಂದನ್ನು ಕಂಡುಹಿಡಿದರು. ಮಾನವದೇಹದಲ್ಲಿ ಈ ವಂಶದ ಕಿಣ್ವಗಳು 23 ಇರುವುವು. ಅವೆಲ್ಲದರ ಕಾರ್ಯಸ್ಥಾನದಲ್ಲಿಯೂ ಸತುವು ನೆಲಸಿದೆ. ಹರಡುವ ಶಕ್ತಿ ಹೆಚ್ಚಾಗಿರುವ ಅರ್ಬುದಕೋಶಗಳು ಅಂಗಾಂಶಗಳ ತಳಪೊರೆಯ ಕೊಲ್ಯಾಜೆನ್ನನ್ನೂ ಹೆಚ್ಚಾಗಿ ಕರಗಿಸುವುವೆಂದು 1980ರಲ್ಲಿ ಲಾನ್ಸ್ ಲಿಯೊಟ್ಟ ಮತ್ತು ಅವರ ಸಂಗಡಿಗರು ತೋರಿಸಿದರು. ಹಾಗಾದರೆ ಕಿಣ್ವವನ್ನು ತಡೆದರೆ ಕೋಶದ ಸಂಚಾರವೂ ನಿಲ್ಲಬೇಕೆಂದು ಅನೇಕರು ಊಹಿಸಿದರು.

ಇಂಗ್ಲೆಂಡಿನಲ್ಲಿ ಮೊದಲು ಬ್ಯಾಟಿಮಾಸ್ಟಾಟ್, ಬಳಿಕ ಬಾಯಿಂದ ಸೇವಿಸಬಹುದಾದ ಮಾರಿಮಾಸ್ಟಾಟ್ ಎಂಬ ಪ್ರತಿಬಂಧಕಗಳು ಸಿದ್ಧವಾದುವು. ಇವು ಸತುವನ್ನೇ ಹಿಡಿದು ಕಿಣ್ವವನ್ನು ನಿಶ್ಚೇಷ್ಟಗೊಳಿಸುವುವು. ಇಲಿಗಳಲ್ಲಿ ಫಲವು ಆಶಾದಾಯಕವಾಗಿದ್ದಿತು. ಆದರೆ 1990ರ ದಶಕದಲ್ಲಿ ಮೊದಲಾದ ರೋಗಿಗಳ ಪರೀಕ್ಷೆಗಳಲ್ಲಿ ಬಹುಪಾಲು ವಿಫಲವಾದುವು. ಅನೇಕರಿಗೆ ಕೀಲುಗಳಲ್ಲಿಯೂ ಸ್ನಾಯುಗಳಲ್ಲಿಯೂ ನೋವುಂಟಾಗಿ ಔಷಧದ ಪ್ರಮಾಣವನ್ನು ತಗ್ಗಿಸಬೇಕಾಯಿತು. ಟಾನೊಮಾಸ್ಟಾಟ್ ಎಂಬ ಇದೇ ವರ್ಗದ ಮತ್ತೊಂದು ಔಷಧವನ್ನು ಸೇವಿಸಿದ ಒಂದು ಬಗೆಯ ಶ್ವಾಸಕೋಶಾರ್ಬುದದ ರೋಗಿಗಳು, ಔಷಧಾಂಶವಿಲ್ಲದ ಗುಳಿಗೆಯನ್ನು ಸೇವಿಸಿದವರಿಗಿಂತಲೂ ಹೀನಸ್ಥಿತಿಗೆ ಬಂದುದರಿಂದ 1999ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಲಾಯಿತು.

ಈ ಅಪಜಯಕ್ಕೆ ಕಾರಣಗಳು ಹಲವು. ಪರೀಕ್ಷೆಗೆ ಬಂದವರಲ್ಲಿ ರೋಗವು ಬಹಳ ಮುಂದುವರಿದಿದ್ದವರೇ ಹೆಚ್ಚು. ಅದಕ್ಕಿಂತಲೂ ಮುಖ್ಯವಾದುದು ನಮ್ಮ ನೈಯಾಯಿಕರು ಅತಿವ್ಯಾಪ್ತಿಯೆಂದು ಕರೆಯುವ ದೋಷ. ಸತುವು ವಂಶಕ್ಕೆಲ್ಲ ಸಾಧಾರಣವಾದ ಧರ್ಮ; ಅದನ್ನೇ ಗುರುತಾಗಿ ಹಿಡಿದರೆ ಅಪಕಾರಿಯೊಡನೆ ಉಪಕಾರಿಯೂ ಸಿಕ್ಕಿಬೀಳುವುದು. ಎಂಟನೆಯದೆಂದು ಎಣಿಸಲ್ಪಡುವ ಕಿಣ್ವವಿಲ್ಲದ ಗಂಡು ಇಲಿಗಳಿಗೆ ಚರ್ಮದ ಅರ್ಬುದಗಳು ಹೆಚ್ಚಾಗಿ ತಗಲುವುದೆಂದು 2003ರಲ್ಲಿ ಸ್ಪೇನಿನ ಶೋಧಕರು ತಿಳಿಸಿದರು. ಅಂದರೆ ಆ ಕಿಣ್ವವು ರಕ್ಷಕ. ಅವ್ಯಾಪ್ತಿದೋಷವೂ ಇಲ್ಲದಿರಲಿಲ್ಲ. ಕಿಣ್ವಗಳನ್ನು ತಡೆದರೂ ಕೆಲವು ಕೋಶಗಳು ರೂಪವನ್ನು ಬದಲಿಸಿ, ಅಮೀಬದಂತೆ ಸಂದುಗಳಲ್ಲಿ ನುಸುಳಿ ಮುಂದೆ ಸಾಗುವುವೆಂದು ಅದೇ ವರ್ಷ ಜರ್ಮನಿಯ ಶೋಧಕರು ಕಂಡರು.

ಆದುದರಿಂದ ಈಗಿನವರು ಪ್ರತಿಯೊಂದು ಕಿಣ್ವದ ಅಸಾಧಾರಣ ಧರ್ಮವನ್ನು ಹುಡುಕುತ್ತಿರುವರು. ಸತುವಿನ ಪಕ್ಕದಲ್ಲಿರುವ ಕುಳಿಯ ಆಳವೂ ಆಕಾರವೂ ಕಿಣ್ವದಿಂದ ಕಿಣ್ವಕ್ಕೆ ಬೇರೆ. ಹದಿಮೂರನೆಯ ಕಿಣ್ವದ ಕುಳಿಯಲ್ಲಿ ಆಳವಾಗಿ ಸೇರಿ, ಸತುವನ್ನು ಮುಟ್ಟದೆಯೇ ಅದನ್ನು ತಡೆಯುವ ವಸ್ತುಗಳು ದೊರೆತಿವೆ. ಅಲ್ಪಪ್ರಮಾಣದ ಡಾಕ್ಸಿಸೈಕ್ಲಿನ್ ಒಸಡಿನ ರೋಗಕ್ಕಾಗಿ 1998ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಅರ್ಬುದಕ್ಕಾದರೋ ಈ ವರ್ಗದ ಔಷಧವಾವುದೂ ಇನ್ನೂ ಅಂಗೀಕೃತವಾಗಿಲ್ಲ. ಲಕ್ಷಣದಲ್ಲಿ ದೋಷವಿದ್ದರೆ ವಾದಸಭೆಯಲ್ಲಿ ಪಂಡಿತನು ಸೋಲುವನು. ಇಲ್ಲಿ ಆ ಸೋಲನ್ನು ಹೊತ್ತವರು ಆಶೆಯಿಂದ ಗುಳಿಗೆಯನ್ನು ನುಂಗಿದ ರೋಗಿಗಳು.